ವಿಮಾನದೊಳಗೆ ಶಾಕ್ ತಪ್ಪಿಸುವುದು ಹೇಗೆ: ಕರಾವಳಿಯ ಹೊಸ ತಂತ್ರಜ್ಞರಿಗೊಂದು ಸಮಗ್ರ ಮಾರ್ಗದರ್ಶಿ

ಐಟಿಐ, ಡಿಪ್ಲೊಮಾ ಅಥವಾ ವಿಮಾನ ನಿರ್ವಹಣೆಯ ತರಬೇತಿ ಮುಗಿಸಿ ಬಜಪೆಯ ವಿಮಾನ ನಿಲ್ದಾಣದಲ್ಲೋ, ಬೆಂಗಳೂರು ಇಲ್ಲವೇ ಕೊಲ್ಲಿ ದೇಶಗಳ ಹ್ಯಾಂಗರ್‌ಗಳಲ್ಲೋ ಕೆಲಸಕ್ಕೆ ಸೇರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆ ವೈರಿಂಗ್ ಬಲ್ಲವರು ವಿಮಾನದ ಬಳಿಗೆ ಬರುವಾಗ ಒಂದು ನಂಬಿಕೆಯನ್ನೂ ಹೊತ್ತು ತರುತ್ತಾರೆ. ಕಾಲಡಿ ರಬ್ಬರ್ ಇದ್ದು ನೆಲದ ಸಂಪರ್ಕ ತಪ್ಪಿದರೆ ಶಾಕ್ ಹೊಡೆಯುವುದಿಲ್ಲ ಎಂಬುದು ಆ ನಂಬಿಕೆ. ಮನೆಯಲ್ಲೇ ಅದು ಅರ್ಧ ಸತ್ಯ. ವಿಮಾನದೊಳಗೆ ಅದನ್ನು ನೆಚ್ಚಿಕೊಂಡರೆ ಜೀವಕ್ಕೇ ಅಪಾಯ, ಏಕೆಂದರೆ ಅಲ್ಲಿ ಲೋಹದ ಚೌಕಟ್ಟೇ ಒಂದು ತಂತಿ. ವಿಮಾನದ ಹೊಟ್ಟೆಯೊಳಗೆ ಮಂಡಿಯೂರಿ ಕುಳಿತವನು ಒಂದು ತಂತಿಯನ್ನು ಆಗಲೇ ಮುಟ್ಟಿಕೊಂಡಿರುತ್ತಾನೆ. ಇನ್ನೊಂದು ತಂತಿ ತಗುಲಿದರೆ ಸರ್ಕ್ಯೂಟ್ ಪೂರ್ಣವಾಗುತ್ತದೆ. ಮುಂದಿನ ಎಲ್ಲ ಎಚ್ಚರಿಕೆಗಳೂ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಮುಟ್ಟುತ್ತಿರುವ ವಿಮಾನದ ನಿರ್ವಹಣಾ ಕೈಪಿಡಿಯೇ ಅಂತಿಮ. ಈ ಬರಹಕ್ಕೂ ಕೈಪಿಡಿಗೂ ವ್ಯತ್ಯಾಸ ಕಂಡರೆ ಕೈಪಿಡಿಯನ್ನೇ ಅನುಸರಿಸಿ.

ನೆಲವಿಲ್ಲದ ಕಡೆ ಅರ್ಥಿಂಗ್ ಎಂದರೇನು?

ಮನೆಯಲ್ಲಿ ಫೇಸ್ ತಂತಿಯಲ್ಲಿ ಬಂದ ಕರೆಂಟು ನ್ಯೂಟ್ರಲ್ ತಂತಿಯಲ್ಲಿ ಹಿಂದಿರುಗುತ್ತದೆ. ಅರ್ಥ್ ತಂತಿ ಬೇರೆಯೇ ಇದ್ದು ಅಂಗಳದ ಗುಂಡಿಗೆ ಇಳಿಯುತ್ತದೆ. ವಿಮಾನದ ಬಹುಪಾಲು ಉಪಕರಣಗಳಿಗೆ ಹೋಗುವ ತಂತಿ ಮಾತ್ರ ಇರುತ್ತದೆ, ಬರುವ ದಾರಿ ಅಲ್ಯೂಮಿನಿಯಂ ಚೌಕಟ್ಟು. ಜನರೇಟರಿನ ನ್ಯೂಟ್ರಲ್ಲನ್ನೂ ಬ್ಯಾಟರಿಯ ಮೈನಸ್ ತುದಿಯನ್ನೂ ಚೌಕಟ್ಟಿಗೇ ಬಿಗಿದಿರುತ್ತಾರೆ. ತಾಮ್ರದ ತೂಕ ಹೀಗೆ ಉಳಿಯುತ್ತದೆ. ಏರ್‌ಬಸ್ ಎ320, ಬೋಯಿಂಗ್ 737 ವರ್ಗದ ವಿಮಾನಗಳಲ್ಲಿ ಎಸಿ ವಿದ್ಯುತ್ತು ಫೇಸ್‌ನಿಂದ ಚೌಕಟ್ಟಿಗೆ 115 ವೋಲ್ಟ್, ಎರಡು ಫೇಸ್‌ಗಳ ನಡುವೆ 200 ವೋಲ್ಟ್, ಆವರ್ತನ 400 ಹರ್ಟ್ಸ್. ಟ್ರಾನ್ಸ್‌ಫಾರ್ಮರು, ಮೋಟರುಗಳು ಚಿಕ್ಕದಾಗಿ ಹಗುರವಾಗಲೆಂದೇ ಇಷ್ಟು ಹೆಚ್ಚಿನ ಆವರ್ತನ. ಡಿಸಿ ವ್ಯವಸ್ಥೆ 28 ವೋಲ್ಟಿನದು.

ಈ ಏರ್ಪಾಡಿಗೆ ದೊಡ್ಡ ಗುಣವೊಂದಿದೆ. ನಮ್ಮ ಪದವುಗಳ ಮೇಲೆ, ಮುರಕಲ್ಲಿನ ನೆಲದಲ್ಲಿ ಮನೆ ಕಟ್ಟಿದವರಿಗೆ ಅರ್ಥಿಂಗ್ ಗುಂಡಿಯ ಕಷ್ಟ ಗೊತ್ತು. ಬೇಸಿಗೆಯಲ್ಲಿ ಒಣಗಿದ ಮುರಕಲ್ಲು ಕರೆಂಟನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಗುಂಡಿಯ ರೋಧ 20 ಓಮ್ ಇದ್ದರೆ, 230 ವೋಲ್ಟಿನ ಫೇಸ್ ತಂತಿ ಗ್ರೈಂಡರಿನ ಮೈಗೆ ತಾಗಿದಾಗ ಹರಿಯುವುದು ಸುಮಾರು 11.5 ಆಂಪಿಯರ್ ಅಷ್ಟೇ. 16 ಆಂಪಿಯರಿನ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದಾಗ ತಾನೇ ಬೀಳುವ ಸ್ವಿಚ್, ಅದಕ್ಕೆ ಬೀಳುವುದಿಲ್ಲ. ಸಣ್ಣ ಸೋರಿಕೆಯನ್ನೂ ಹಿಡಿದು ಕರೆಂಟು ಕಡಿಯುವ ಆರ್‌ಸಿಸಿಬಿ ಬೇಕಾಗುವುದು ಇದೇ ಕಾರಣಕ್ಕೆ. ವಿಮಾನದಲ್ಲಿ ಮಣ್ಣಿನ ಹಂಗಿಲ್ಲ. ತಂತಿ ಸವೆದು ಚೌಕಟ್ಟಿಗೆ ತಾಗಿದರೆ ಹಿಂದಿರುಗುವ ದಾರಿಯ ರೋಧ ತೀರಾ ಕಡಿಮೆಯಾದ್ದರಿಂದ ನೂರಾರು ಆಂಪಿಯರ್ ಹರಿದು ಬ್ರೇಕರ್ ತಕ್ಷಣ ಬೀಳುತ್ತದೆ. ಆದರೆ ಆ ದಾರಿ ಬೋಲ್ಟು, ಕೀಲು, ಹೆಣೆದ ತಾಮ್ರದ ಪಟ್ಟಿಗಳ ಸರಪಳಿ. ಒಂದು ಕೊಂಡಿ ತುಕ್ಕು ಹಿಡಿದರೂ ಲೆಕ್ಕ ತಪ್ಪುತ್ತದೆ.

ಮನುಷ್ಯನ ಲೆಕ್ಕವೂ ಇರಲಿ. ಬೆವರಿನಲ್ಲಿ, ಮಳೆಯಲ್ಲಿ ತೊಯ್ದ ದೇಹದ ರೋಧ ಸುಮಾರು 1000 ಓಮ್‌ಗೆ ಇಳಿಯಬಹುದು. 115 ವೋಲ್ಟಿಗೆ ಅದು 115 ಮಿಲಿಆಂಪಿಯರ್. 1 ಮಿಲಿಆಂಪಿಯರಿಗೇ ಜುಮ್ಮೆನ್ನುತ್ತದೆ, 10ರ ಆಸುಪಾಸಿನಲ್ಲಿ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲಾಗುವುದಿಲ್ಲ, ಮನೆಯ ಆರ್‌ಸಿಸಿಬಿ 30ಕ್ಕೆ ಕಡಿದುಹಾಕುತ್ತದೆ. 400 ಹರ್ಟ್ಸ್ ಕರೆಂಟು ಹೃದಯದ ಬಡಿತ ಕೆಡಿಸುವುದರಲ್ಲಿ 50 ಹರ್ಟ್ಸ್‌ಗಿಂತ ಸ್ವಲ್ಪ ಸೌಮ್ಯ ಎಂಬುದು ನಿಜವಾದರೂ, ಅದನ್ನು ನಂಬಿ ಯಾರೂ ಕೈ ಇಡಬಾರದು.

ಬೋಯಿಂಗ್ 787, ಏರ್‌ಬಸ್ ಎ350ರಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ವಿಷಯ. 787ರ ರಚನೆಯ ತೂಕದ ಅರ್ಧದಷ್ಟು ಸಂಯುಕ್ತ ವಸ್ತು. ಕಾರ್ಬನ್ ನಾರು ಕರೆಂಟನ್ನು ಲೋಹದಷ್ಟು ಚೆನ್ನಾಗಿ ಒಯ್ಯುವುದಿಲ್ಲವಾದ್ದರಿಂದ ವಾಪಸು ದಾರಿಗೆಂದೇ ಲೋಹದ ಜಾಲವನ್ನು ಪ್ರತ್ಯೇಕವಾಗಿ ಹೂಡಿರುತ್ತಾರೆ. ಅಲ್ಲಿ ಯಾವುದೋ ಆವರಣದ ಬೋಲ್ಟನ್ನು ‘ಗ್ರೌಂಡ್’ ಎಂದು ಊಹಿಸಿಕೊಂಡು ಮೀಟರ್ ಹಚ್ಚಬೇಡಿ. 787ರ ಜನರೇಟರಿನ ವೋಲ್ಟೇಜು 235, ಅಂದರೆ ಹಳೆಯ ವಿಮಾನಗಳ ಎರಡರಷ್ಟು.

ಹಂತ 1: ಮೈಮೇಲಿನ ಲೋಹ ತೆಗೆಯಿರಿ

ಉಂಗುರ, ಕೈಗಡಿಯಾರ, ಕೊರಳ ಸರ, ಬಳೆ, ಎಲ್ಲವೂ ಲಾಕರಿನಲ್ಲಿರಲಿ. ಮದುವೆಯ ಉಂಗುರ, ಕರಿಮಣಿ ತೆಗೆಯಲು ಹಲವರಿಗೆ ಮನಸ್ಸು ಬಾರದು, ಅದು ನನಗೂ ಅರ್ಥವಾಗುತ್ತದೆ. ಆದರೂ ತೆಗೆಯಲೇಬೇಕು. 28 ವೋಲ್ಟಿನಿಂದ ಒಣ ಚರ್ಮಕ್ಕೆ ಶಾಕ್ ಹೊಡೆಯುವುದು ಅಪರೂಪ, ಆದರೆ ವಿಮಾನದ ಬ್ಯಾಟರಿ ಕ್ಷಣಾರ್ಧದಲ್ಲಿ ನೂರಾರು ಆಂಪಿಯರ್ ಕೊಡಬಲ್ಲದು. ಪ್ಲಸ್ ತುದಿಗೂ ಚೌಕಟ್ಟಿಗೂ ನಡುವೆ ಉಂಗುರ ಸಿಕ್ಕಿಕೊಂಡರೆ ಅದು ಕೆಂಪಗೆ ಕಾದು ಬೆರಳನ್ನು ಎಲುಬಿನವರೆಗೆ ಸುಡುತ್ತದೆ.

ಹಂತ 2: ಸ್ವಿಚ್ ಆರಿಸಿದ್ದನ್ನು ನಂಬಬೇಡಿ, ಅಳೆಯಿರಿ

ಕಾಕ್‌ಪಿಟ್ಟಿನ ಬ್ಯಾಟರಿ ಸ್ವಿಚ್ ಆರಿಸಿದರೂ ವಿಮಾನ ಪೂರ್ತಿ ನಿರ್ಜೀವವಾಗುವುದಿಲ್ಲ. ಬ್ಯಾಟರಿಗೆ ನೇರವಾಗಿ ಜೋಡಿಸಿದ ಹಾಟ್ ಬಸ್ ಎಂಬ ಸಾಲು ಸದಾ ಜೀವಂತ. ಎಂಜಿನಿನ ಬೆಂಕಿ ಆರಿಸುವ ಬಾಟಲಿಗಳಂಥ ತುರ್ತು ವಸ್ತುಗಳಿಗೆ ಅಲ್ಲಿಂದಲೇ ವಿದ್ಯುತ್ತು ಹೋಗುತ್ತದೆ. ಆ ಬಾಟಲಿಗಳನ್ನು ಸಿಡಿಸುವ ಕಾರ್ಟ್ರಿಜ್ ತೀರಾ ಸಣ್ಣ ಕರೆಂಟಿಗೂ ಸಿಡಿಯಬಹುದು. ಕನೆಕ್ಟರ್ ಬಿಚ್ಚಿದ ಕೂಡಲೇ ಕಾರ್ಟ್ರಿಜ್‌ನ ಪಿನ್‌ಗಳನ್ನು ಒಂದಕ್ಕೊಂದು ಜೋಡಿಸಿಡುವ ಷಾರ್ಟಿಂಗ್ ಕ್ಯಾಪ್ ಹಾಕುವುದು ಇದಕ್ಕೇ.

ನಿಮ್ಮ ಕೆಲಸಕ್ಕೆ ಸಂಬಂಧಿಸಿದ ಬ್ರೇಕರನ್ನು ಎಳೆದು, ಅದು ಮತ್ತೆ ಒಳಗೆ ಹೋಗದಂತೆ ಬ್ರೇಕರಿನ ಕೊರಳಿಗೆ ಕ್ಲಿಪ್ ಹಾಕಿ, ಎಚ್ಚರಿಕೆಯ ಚೀಟಿ ಕಟ್ಟಿ, ನಿರ್ವಹಣಾ ದಾಖಲೆಯಲ್ಲಿ ಬರೆಯಿರಿ. ಬಳಿಕ ಮೀಟರ್ ತೆಗೆದುಕೊಳ್ಳಿ. ಮೊದಲು ಜೀವಂತ ಎಂದು ಖಚಿತವಾಗಿ ಗೊತ್ತಿರುವ ಕಡೆ ಅಳೆದು ಮೀಟರ್ ಸರಿಯಿದೆಯೆಂದು ನೋಡಿ, ಆಮೇಲೆ ಕೆಲಸದ ಜಾಗ ಅಳೆಯಿರಿ, ಕೊನೆಗೆ ಜೀವಂತ ಜಾಗವನ್ನು ಮತ್ತೊಮ್ಮೆ ಅಳೆಯಿರಿ. ಮಧ್ಯದಲ್ಲೇ ಮೀಟರ್ ಕೆಟ್ಟಿದ್ದರೆ ಈ ಮೂರನೆಯ ಅಳತೆಯೇ ಅದನ್ನು ತೋರಿಸುತ್ತದೆ. ಪ್ರತಿ ಫೇಸ್‌ಗೂ ಚೌಕಟ್ಟಿಗೂ ನಡುವೆ ಮಾತ್ರವಲ್ಲ, ಫೇಸ್‌ಗಳ ನಡುವೆಯೂ ನೋಡಿ.

ಬ್ಯಾಟರಿ ಬಿಚ್ಚಬೇಕೇ? ಎರಡೂ ತುದಿಗಳು ಒಂದೇ ಪ್ಲಗ್ಗಿನಲ್ಲಿ ಕಳಚುವಂತಿದ್ದರೆ ಸುಲಭ. ಪ್ರತ್ಯೇಕ ಕೇಬಲ್‌ಗಳಿದ್ದರೆ ಮೈನಸ್ ಮೊದಲು ಬಿಚ್ಚಿ, ಜೋಡಿಸುವಾಗ ಮೈನಸ್ ಕೊನೆಗೆ. ಮೈನಸ್ ಜೋಡಿಸಿಯೇ ಇದ್ದಾಗ ಪ್ಲಸ್ ಬಿಚ್ಚುವ ಸ್ಪ್ಯಾನರ್ ಚೌಕಟ್ಟಿಗೆ ತಾಗಿದರೆ ಸ್ಪ್ಯಾನರೇ ಷಾರ್ಟ್ ಆಗುತ್ತದೆ. ಮೈನಸ್ ಬಿಚ್ಚಿದ ಮೇಲೆ ಚೌಕಟ್ಟು ತಂತಿಯಾಗಿ ಉಳಿಯುವುದಿಲ್ಲ.

ವಿದ್ಯುತ್ತು ಕಡಿದ ಮೇಲೂ ಕೆಪಾಸಿಟರುಗಳು ಬಾಕಿ ಇರುತ್ತವೆ. ಎಂಜಿನ್ ಹೊತ್ತಿಸುವ ಇಗ್ನಿಷನ್ ಎಕ್ಸೈಟರಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಅಲ್ಲಿ ಮೊದಲು ಕಡಿಮೆ ವೋಲ್ಟೇಜಿನ ಒಳಬರುವ ತಂತಿ ಬಿಚ್ಚಬೇಕು, ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು, ಆಮೇಲಷ್ಟೇ ಹೆಚ್ಚಿನ ವೋಲ್ಟೇಜಿನ ತಂತಿಗೆ ಕೈ ಹಾಕಿ, ಅದರ ತುದಿಯನ್ನು ಚೌಕಟ್ಟಿಗೆ ತಾಗಿಸಿ ಚಾರ್ಜು ಇಳಿಸಬೇಕು. ರೆಕ್ಕೆ ತುದಿಯ ಸ್ಟ್ರೋಬ್ ದೀಪಗಳಿಗೂ ಇದೇ ತಾಳ್ಮೆ ಬೇಕು. ವಿಮಾನ ಹೊರಡುವ ಹೊತ್ತು ಹತ್ತಿರವಾಗಿದ್ದಾಗ ಕಾಯುವುದು ಕಷ್ಟ ಎಂಬುದು ನಿಜ, ಆದರೂ ಕಾಯಿರಿ.

ಹಂತ 3: ಹೊರಗಿನ ವಿದ್ಯುತ್ತು ಜೋಡಿಸುವುದು

ದೊಡ್ಡ ವಿಮಾನಗಳಿಗೆ ಗ್ರೌಂಡ್ ಪವರ್ ಯೂನಿಟ್‌ನಿಂದ, ಅಂದರೆ ನಿಂತ ವಿಮಾನಕ್ಕೆ ಹೊರಗಿನಿಂದ ವಿದ್ಯುತ್ತು ಕೊಡುವ ಯಂತ್ರದಿಂದ, ಬರುವ 400 ಹರ್ಟ್ಸ್ ಪ್ಲಗ್ಗಿನಲ್ಲಿ ಆರು ಪಿನ್‌ಗಳಿವೆ. ನಾಲ್ಕು ದಪ್ಪನೆಯವು ಮೂರು ಫೇಸ್ ಮತ್ತು ನ್ಯೂಟ್ರಲ್‌ಗೆ, ಎರಡು ಸಣ್ಣವು ರಕ್ಷಣೆಗೆ. ಸಣ್ಣ ಪಿನ್‌ಗಳು ಗಿಡ್ಡವಾಗಿರುತ್ತವೆ. ಪ್ಲಗ್ ಎಳೆದಾಗ ಅವು ಮೊದಲು ಕಳಚಿಕೊಂಡು ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚನ್ನು ತೆರೆಯುತ್ತವೆ, ದಪ್ಪ ಪಿನ್‌ಗಳು ಕಳಚುವಷ್ಟರಲ್ಲಿ ಅವುಗಳಲ್ಲಿ ಕರೆಂಟಿರುವುದಿಲ್ಲ. ಇದು ಕೊನೆಯ ಕಾವಲು ಮಾತ್ರ, ದಿನನಿತ್ಯದ ಪದ್ಧತಿಯಾಗಬಾರದು. ಸರಿಯಾದ ಕ್ರಮ ಹೀಗೆ: ಕಾಕ್‌ಪಿಟ್ಟಿನಿಂದ ಹೊರಗಿನ ವಿದ್ಯುತ್ತನ್ನು ಬಿಡಿಸಿ, ಯೂನಿಟ್ಟಿನ ಔಟ್‌ಪುಟ್ ಆರಿಸಿ, ಆಮೇಲೆ ಪ್ಲಗ್ ಎಳೆಯಿರಿ.

ಜೋಡಿಸುವ ಮುನ್ನ ಚಕ್ರಕ್ಕೆ ಚೋಕ್ ಇಟ್ಟಿದೆಯೇ, ಕೇಬಲ್ಲಿನ ಹೊದಿಕೆ ಹರಿದಿದೆಯೇ, ಪ್ಲಗ್ಗಿನ ರಂಧ್ರಗಳು ಕಪ್ಪಾಗಿವೆಯೇ ನೋಡಿ. ಆಟಿಯ ಮಳೆಯಲ್ಲಿ ಪ್ಲಗ್ಗನ್ನು ನೆಲಕ್ಕೆ ಹಾಕಿದರೆ ರಂಧ್ರಗಳಲ್ಲಿ ನೀರು ತುಂಬುತ್ತದೆ. ಅದನ್ನು ಕೊಕ್ಕೆಗೆ ಬಾಯಿ ಕೆಳಗಾಗಿ ತೂಗುಹಾಕಿ, ಜೋಡಿಸುವ ಮೊದಲು ಒರೆಸಿ. ಎಟಿಆರ್‌ನಂಥ ಸಣ್ಣ ಪ್ರೊಪೆಲ್ಲರ್ ವಿಮಾನಗಳಿಗೆ 28 ವೋಲ್ಟ್ ಡಿಸಿ ಕೇಬಲ್ ಬರುತ್ತದೆ. ಎಂಜಿನ್ ಚಾಲೂ ಮಾಡುವಾಗ ಅದರಲ್ಲಿ ಹರಿಯುವ ಕರೆಂಟು ಭಾರೀ. ಸಡಿಲ ಪ್ಲಗ್ಗಿನಲ್ಲಿ ಕಿಡಿ ಏಳುತ್ತದೆ.

ಒದ್ದೆ ನೆಲದ ಮೇಲೆ ನಿಂತು ವಿಮಾನದ ಮೈ ಮುಟ್ಟಿದಾಗ ಜುಮ್ಮೆಂದರೆ ‘ಮಳೆಗಾಲದಲ್ಲಿ ಇದೆಲ್ಲ ಇದ್ದದ್ದೇ’ ಎನ್ನಬೇಡಿ. ಯೂನಿಟ್ಟಿನಿಂದಲೋ ಹೊರಗಿನಿಂದ ಒಳಗೆ ಎಳೆದ ಯಾವುದೋ ತಂತಿಯಿಂದಲೋ ಸೋರಿಕೆ ಇದೆ ಎಂದರ್ಥ. ಮೂಲದಲ್ಲಿಯೇ ವಿದ್ಯುತ್ತು ಆರಿಸಿ, ಎಲ್ಲರನ್ನೂ ವಿಮಾನದಿಂದ ದೂರ ನಿಲ್ಲಿಸಿ, ಆಮೇಲೆ ಹುಡುಕಿ.

ಹಂತ 4: 230 ವೋಲ್ಟಿನ ಉಪಕರಣ ಒಳಗೆ ಬರುವಾಗ

ನನ್ನ ಅಭಿಪ್ರಾಯದಲ್ಲಿ ನಿಂತ ವಿಮಾನದೊಳಗಿನ ಅತಿ ದೊಡ್ಡ ಶಾಕ್ ಅಪಾಯ ವಿಮಾನದ್ದಲ್ಲ, ಹೊರಗಿನಿಂದ ಎಳೆದು ತರುವ ಎಕ್ಸ್‌ಟೆನ್ಷನ್ ವಯರಿನದು. ಚಕ್ರದ ಗೂಡಿನಲ್ಲಿ, ಸರಕಿನ ಅಂಕಣದ ತಳದಲ್ಲಿ, ಬೆವರಿಳಿಸುತ್ತ ಮೈಯೆಲ್ಲ ಲೋಹಕ್ಕೆ ಒರಗಿ ಕೆಲಸ ಮಾಡುವವನ ಕೈಯಲ್ಲಿ ಹೊದಿಕೆ ಬಿರುಕು ಬಿಟ್ಟ ಡ್ರಿಲ್ ಇದ್ದರೆ, ಜಿಗಿದು ದೂರ ಸರಿಯಲು ಜಾಗವೂ ಇರುವುದಿಲ್ಲ. ಸಾಧ್ಯವಾದಲ್ಲೆಲ್ಲ ಗಾಳಿಯಿಂದ ಅಥವಾ ಬ್ಯಾಟರಿಯಿಂದ ಓಡುವ ಉಪಕರಣ ಬಳಸಿ. 230 ವೋಲ್ಟ್ ಬೇಕೇ ಬೇಕಾದರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮೂಲಕವೇ ಬರಲಿ, ಅದರ ಟೆಸ್ಟ್ ಗುಂಡಿಯನ್ನು ಅಂದಂದೇ ಒತ್ತಿ ನೋಡಿ. ಕೈದೀಪ ಕಡಿಮೆ ವೋಲ್ಟಿನದೇ ಇರಲಿ. ಇಂಧನ ಟ್ಯಾಂಕಿನ ಕೆಲಸಕ್ಕೆ ಅದಕ್ಕೆಂದೇ ಪ್ರಮಾಣೀಕರಿಸಿದ ದೀಪ, ಉಪಕರಣಗಳನ್ನು ಬಿಟ್ಟು ಬೇರೇನೂ ಹೋಗಕೂಡದು.

ಹಂತ 5: ಬಾಂಡಿಂಗ್ ಪಟ್ಟಿ, ಕರಾವಳಿಯ ಉಪ್ಪು ಗಾಳಿ

ಬಾಂಡಿಂಗ್ ಎಂದರೆ ಲೋಹದ ಭಾಗಗಳನ್ನೆಲ್ಲ ಒಂದೇ ವಿದ್ಯುತ್ ಮಟ್ಟದಲ್ಲಿ ಹಿಡಿದಿಡುವುದು. ಬಾಗಿಲಿನ ಕೀಲು, ರೆಕ್ಕೆಯ ಫ್ಲಾಪು, ಇಂಧನ ಕೊಳವೆಯ ಜೋಡಣೆ, ಇವುಗಳನ್ನು ದಾಟಿ ಕರೆಂಟು ಹೋಗಬೇಕಾದಲ್ಲಿ ಹೆಣೆದ ತಾಮ್ರದ ಅಥವಾ ಅಲ್ಯೂಮಿನಿಯಂನ ಪಟ್ಟಿ ಇರುತ್ತದೆ. ಸಿಡಿಲು ಬಡಿದಾಗ ಸಾವಿರಾರು ಆಂಪಿಯರ್ ದಾಟುವುದೂ ಇದರ ಮೇಲೆಯೇ. ಪಟ್ಟಿ ಕೆಟ್ಟಿದ್ದರೆ ಕರೆಂಟು ಕೀಲಿನ ಬೇರಿಂಗ್ ಮೂಲಕ ನುಗ್ಗಿ ಅದನ್ನು ಸುಡುತ್ತದೆ.

ಕಡಲ ಗಾಳಿ ತಾಗುವ ನಿಲ್ದಾಣಗಳಲ್ಲಿ ಓಡಾಡುವ ವಿಮಾನಗಳ ಬಾಂಡಿಂಗ್ ಪಟ್ಟಿಯನ್ನು ಟಾರ್ಚ್ ಹಿಡಿದು ಹತ್ತಿರದಿಂದ ನೋಡಬೇಕು. ಪಟ್ಟಿಯ ತುದಿಯಲ್ಲಿ ಬೋಲ್ಟಿಗೆ ಕೂರುವ ಲೋಹದ ಬಿಲ್ಲೆಯ, ಅಂದರೆ ಲಗ್ಗಿನ, ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಕೆಳಗಿನ ಅಲ್ಯೂಮಿನಿಯಂ ತಿಂದುಹೋಗುತ್ತಿದೆ. ಹೆಣಿಗೆಯ ಎಳೆಗಳು ಹಸಿರಾಗಿದ್ದರೆ ತಾಮ್ರದ ಮೇಲಿನ ತವರದ ಲೇಪ ಹೋಗಿದೆ. ಲಗ್ಗಿನ ಕತ್ತಿನ ಬಳಿ ಎಳೆಗಳು ಒಂದೊಂದಾಗಿ ತುಂಡಾಗಿ ಮುಳ್ಳಿನಂತೆ ಎದ್ದಿರುತ್ತವೆ. ಬೆರಳು ಸವರಿದರೆ ಚುಚ್ಚುವುದರಿಂದ ಗೊತ್ತಾಗುತ್ತದೆ, ಗ್ಲೌಸ್ ಇರಲಿ.

ಹೊಸ ಪಟ್ಟಿ ಹಾಕುವ ವಿಧಾನ ಹೇಳುತ್ತೇನೆ. ಬಣ್ಣ ಮತ್ತು ಆನೊಡೈಸ್ ಪದರ ಎರಡೂ ಕರೆಂಟಿಗೆ ಗೋಡೆಗಳು. ಲಗ್ ಕೂರುವ ಜಾಗಕ್ಕಿಂತ ಸ್ವಲ್ಪ ಅಗಲವಾಗಿ ಅವನ್ನು ತೆಗೆದು ಹೊಳೆಯುವ ಲೋಹ ಕಾಣಿಸಿ. ಉಕ್ಕಿನ ಉಣ್ಣೆ ಬೇಡ, ಅದರ ಕಣಗಳು ಅಲ್ಯೂಮಿನಿಯಂನಲ್ಲಿ ಹೂತು ಮುಂದೆ ತುಕ್ಕಿನ ಬೀಜವಾಗುತ್ತವೆ. ಲೋಹವಲ್ಲದ ಉಜ್ಜುವ ಪ್ಯಾಡ್ ಬಳಸಿ, ಕೈಪಿಡಿ ಹೇಳಿದ ದ್ರಾವಕದಿಂದ ಒರೆಸಿ, ಕರೆಂಟು ದಾಟಗೊಡುವ ತೆಳುವಾದ ರಾಸಾಯನಿಕ ರಕ್ಷಣೆಯ ಲೇಪ ಕೊಡಿ. ಬರಿಯ ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಬಹಳ ಬೇಗ ಕಟ್ಟುತ್ತದೆ, ಆದ್ದರಿಂದ ಉಜ್ಜಿಟ್ಟು ಚಹಾಕ್ಕೆ ಹೋಗುವ ಕೆಲಸವಲ್ಲ ಇದು. ತಾಮ್ರ ಮತ್ತು ಅಲ್ಯೂಮಿನಿಯಂ ನೇರವಾಗಿ ತಾಗಿದರೆ ಉಪ್ಪಿನ ತೇವದಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ನಡುವಿನ ವಾಷರ್ ಎಂಥದ್ದು ಎಂಬುದನ್ನು ಕೈಪಿಡಿ ನೋಡಿಯೇ ಆರಿಸಿ. ಸವೆಯುವುದಿದ್ದರೆ ಸುಲಭವಾಗಿ ಬದಲಿಸಬಹುದಾದ ವಾಷರ್ ಸವೆಯಲಿ, ವಿಮಾನದ ಚೌಕಟ್ಟು ಬೇಡ.

ಪಟ್ಟಿ ಸಾಧ್ಯವಾದಷ್ಟು ಗಿಡ್ಡವಿರಲಿ, ಆದರೆ ಭಾಗ ಪೂರ್ತಿ ಚಲಿಸಿದಾಗ ಎಳೆದುಕೊಳ್ಳಬಾರದು, ಸಿಕ್ಕಿಕೊಳ್ಳಲೂಬಾರದು. ಫ್ಲಾಪನ್ನು ಕೊನೆಯಿಂದ ಕೊನೆಗೆ ಓಡಿಸಿ ಕಣ್ಣಾರೆ ನೋಡಿ. ಒಂದೇ ಸ್ಟಡ್ಡಿಗೆ ನಾಲ್ಕಕ್ಕಿಂತ ಹೆಚ್ಚು ಲಗ್ ಪೇರಿಸಬೇಡಿ, ಎಸಿ ಮತ್ತು ಡಿಸಿ ವಾಪಸು ತಂತಿಗಳನ್ನು ಬೆರೆಸಬೇಡಿ.

ಕೊನೆಗೆ ಅಳತೆ. ಅಮೆರಿಕದ ವಿಮಾನಯಾನ ಆಡಳಿತದ ನಿರ್ವಹಣಾ ಮಾರ್ಗಸೂಚಿಯ ಪ್ರಕಾರ ಪ್ರತಿ ಜೋಡಣೆಯ ರೋಧ ಸಾಮಾನ್ಯವಾಗಿ 0.003 ಓಮ್ ಮೀರಬಾರದು. ತಯಾರಕರ ಅಂಕಿ ಬೇರೆಯಿದ್ದರೆ ಅದೇ ಅಂತಿಮ. ಜೇಬಿನ ಮಲ್ಟಿಮೀಟರಿನಿಂದ ಇದನ್ನು ಅಳೆಯಲಾಗದು, ಅದರ ತಂತಿಗಳ ರೋಧವೇ ಇದರ ಹತ್ತಾರು ಪಟ್ಟು. ಕರೆಂಟು ಕಳುಹಿಸಲು ಎರಡು, ವೋಲ್ಟೇಜ್ ಓದಲು ಬೇರೆ ಎರಡು, ಹೀಗೆ ನಾಲ್ಕು ತಂತಿಗಳ ಮಿಲಿಓಮ್ ಮೀಟರ್ ಬೇಕು. ಅಂಕಿ ಸರಿಬಂದರೆ ಸೀಲಂಟ್ ಬಳಿದು ಮುಚ್ಚಿ, ಓದಿದ ಅಂಕಿಯನ್ನು ಬರೆದಿಡಿ.

ಹಂತ 6: ಇಂಧನ ತುಂಬುವಾಗ

ಜೆಟ್ ಎ-1 ಇಂಧನ ಕೊಳವೆ, ಫಿಲ್ಟರುಗಳ ಮೂಲಕ ವೇಗವಾಗಿ ಹರಿಯುವಾಗ ಸ್ಥಿರ ವಿದ್ಯುತ್ತು ಹುಟ್ಟುತ್ತದೆ. ಅದರ ಫ್ಲ್ಯಾಶ್ ಪಾಯಿಂಟ್, ಅಂದರೆ ಆವಿ ಕಿಡಿಗೆ ಹೊತ್ತಿಕೊಳ್ಳಬಲ್ಲ ತಾಪಮಾನ, ಕನಿಷ್ಠ 38 ಡಿಗ್ರಿ ಸೆಲ್ಸಿಯಸ್. ಟ್ರಕ್ಕಿನ ಬಾಂಡಿಂಗ್ ಕೇಬಲ್ಲನ್ನು ವಿಮಾನದ ಗುರುತಿಸಿದ ಬಿಂದುವಿಗೆ ಮೊದಲು ಕಚ್ಚಿಸಿ, ಆಮೇಲೆ ಹೋಸ್ ಜೋಡಿಸಿ. ಮುಗಿದ ಮೇಲೆ ಹೋಸ್ ಮೊದಲು, ಕೇಬಲ್ ಕೊನೆಗೆ. ಬಣ್ಣದ ಮೇಲೆ, ಆಂಟೆನಾಕ್ಕೆ, ಪ್ರೊಪೆಲ್ಲರಿಗೆ ಕ್ಲಿಪ್ ಹಾಕಬೇಡಿ. ರೆಕ್ಕೆಯ ಮೇಲಿಂದ ತುಂಬುವುದಾದರೆ ಮುಚ್ಚಳ ತೆರೆಯುವ ಮುನ್ನವೇ ನಾಜಲ್ಲಿನ ಬಾಂಡಿಂಗ್ ಆಗಬೇಕು. ಇಲ್ಲಿ ಬೇಕಾದ್ದು ಟ್ರಕ್ಕು, ವಿಮಾನ ಎರಡೂ ಒಂದೇ ವಿದ್ಯುತ್ ಮಟ್ಟಕ್ಕೆ ಬರುವುದು. ಕೆಳಗಿನ ಮುರಕಲ್ಲು ಒಣಗಿದೆಯೋ ಒದ್ದೆಯಾಗಿದೆಯೋ ಎಂಬುದರ ಮೇಲೆ ಅದು ನಿಂತಿಲ್ಲ.

ಹಂತ 7: ಗುಡುಗು ಕೇಳಿದಾಗ

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಘಟ್ಟದ ಕಡೆಯಿಂದ ಮೋಡ ಕಟ್ಟಿ ಬರುವುದನ್ನು ಕಂಡು ಬೆಳೆದವರು ನಾವು. ಬಜಪೆಯ ನಿಲ್ದಾಣ ಗುಡ್ಡದ ನೆತ್ತಿಯ ಬಯಲು, ಸುತ್ತಲೂ ಕಣಿವೆ. ಅಲ್ಲಿ ನಿಂತ ವಿಮಾನದ ಬಾಲ ಬಯಲಿನಿಂದ ಬಹಳ ಎತ್ತರಕ್ಕೆ ಎದ್ದಿರುತ್ತದೆ. ಸಿಡಿಲು ಬಡಿದರೆ ಕರೆಂಟು ಲೋಹದ ಹೊರಮೈಯಲ್ಲೇ ಹರಿಯುವುದರಿಂದ ಬಾಗಿಲು ಮುಚ್ಚಿ ಒಳಗೆ ಕುಳಿತವರು ಸುರಕ್ಷಿತ. ಹೊರಗಿರುವವರು ಹಾಗಲ್ಲ, ಅವರಲ್ಲೂ ಅತಿ ಹೆಚ್ಚು ಅಪಾಯ ಹೆಡ್‌ಸೆಟ್ ಹಾಕಿಕೊಂಡು ವಿಮಾನದ ಮೂತಿಗೆ ತಂತಿ ಜೋಡಿಸಿ ಪೈಲಟ್ ಜೊತೆ ಮಾತನಾಡುವವರಿಗೆ. ಒದ್ದೆ ನೆಲದ ಮೇಲೆ ಕಾಲು, ಕಿವಿಗೆ ವಿಮಾನದ ತಂತಿ: ಸಿಡಿಲಿನ ಒಂದು ಕವಲು ನೆಲ ಸೇರಲು ಅವರ ದೇಹವೇ ದಾರಿಯಾಗುತ್ತದೆ.

ನಿಲ್ದಾಣದ ಎಚ್ಚರಿಕೆ ಬಂದ ಕೂಡಲೇ ಹೆಡ್‌ಸೆಟ್ ತಂತಿ ಕಳಚಿ, ಇಂಧನ ತುಂಬುವುದನ್ನು ನಿಲ್ಲಿಸಿ. ರೆಕ್ಕೆಯ ಕೆಳಗೆ ಮಳೆಯ ಆಸರೆ ಹುಡುಕಬೇಡಿ, ಚಕ್ರಗಳ ಬಳಿ ನಿಲ್ಲಬೇಡಿ, ಏಣಿಯಿಂದ ಇಳಿಯಿರಿ. ಕಟ್ಟಡದೊಳಗೆ ಅಥವಾ ಲೋಹದ ಚಾವಣಿಯ ಮುಚ್ಚಿದ ವಾಹನದೊಳಗೆ ಹೋಗಿ. ಎಚ್ಚರಿಕೆ ಬಾರದಿದ್ದರೂ, ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ. ಕೊನೆಯ ಗುಡುಗಿನ ಬಳಿಕ 30 ನಿಮಿಷ ಕಾಯುವುದು ಒಳ್ಳೆಯದು. ಪ್ರಯಾಣಿಕರು ಗೊಣಗಿದರೆ ಗೊಣಗಲಿ.

ಕ್ಯಾಬಿನ್ ಸಿಬ್ಬಂದಿಗೆ

ಗ್ಯಾಲಿಯ (ವಿಮಾನದ ಅಡುಗೆ ಮೂಲೆಯ) ಓವನ್, ನೀರು ಕಾಯಿಸುವ ಯಂತ್ರ ಎರಡೂ 115 ವೋಲ್ಟಿನವು, ಸುತ್ತಲೂ ನೀರು. ಸೋರಿಕೆ ಕಂಡರೆ ಆರಿಸಿ, ದಾಖಲಿಸಿ. ಬ್ರೇಕರ್ ಬಿದ್ದರೆ ಸುಮ್ಮನೆ ಒತ್ತಿ ಕೂರಿಸಬೇಡಿ, ಪೈಲಟ್‌ಗೆ ತಿಳಿಸಿ. ಸಾಮಾನ್ಯ ಬ್ರೇಕರ್ ಎಲ್ಲ ದೋಷವನ್ನೂ ಹಿಡಿಯುವುದಿಲ್ಲ. 1998ರ ಸೆಪ್ಟೆಂಬರ್ 2ರಂದು ಸ್ವಿಸ್‌ಏರ್ 111 ವಿಮಾನ ಕೆನಡಾದ ಕರಾವಳಿಯಲ್ಲಿ ಬಿದ್ದು 229 ಮಂದಿ ತೀರಿಕೊಂಡರು. ಚಾವಣಿಯ ಮೇಲಿನ ತಂತಿಗಳಲ್ಲಿ ಎದ್ದ ಕಿಡಿಯಿಂದ ನಿರೋಧಕ ಹೊದಿಕೆಗೆ ಬೆಂಕಿ ಹತ್ತಿರಬೇಕೆಂದು ತನಿಖೆ ಹೇಳಿತು. ಅಂಥ ಬಿಟ್ಟುಬಿಟ್ಟು ಏಳುವ ಕಿಡಿಯ ಸರಾಸರಿ ಕರೆಂಟು ಬ್ರೇಕರನ್ನು ಬೀಳಿಸುವಷ್ಟು ಇರದೆಯೂ ಇರಬಹುದು. ಸುಟ್ಟ ವಾಸನೆಯನ್ನು ಯಾವತ್ತೂ ಹಗುರವಾಗಿ ತೆಗೆದುಕೊಳ್ಳದಿರಲು ಇಷ್ಟು ಕಾರಣ ಸಾಕು.

ಯಾರಿಗಾದರೂ ಶಾಕ್ ಹೊಡೆದರೆ

ಅವರನ್ನು ಹಿಡಿದು ಎಳೆಯಬೇಡಿ. ನೀವೂ ಅದೇ ಚೌಕಟ್ಟಿನ ಮೇಲೆ ನಿಂತಿದ್ದೀರಿ. ಮೊದಲು ವಿದ್ಯುತ್ತು ಕಡಿಯಿರಿ: ಯೂನಿಟ್ಟಿನ ತುರ್ತು ಗುಂಡಿ, ಬ್ಯಾಟರಿ ಸ್ವಿಚ್, ಎಕ್ಸ್‌ಟೆನ್ಷನ್ನಿನ ಪ್ಲಗ್, ಯಾವುದು ಮೂಲವೋ ಅದು. ಕೂಗಿ ನೆರವು ಕರೆಯಿರಿ, ನಿಲ್ದಾಣದ ವೈದ್ಯಕೀಯ ಘಟಕಕ್ಕೆ ತಿಳಿಸಿ, ಹೊರಗಾದರೆ 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದೆ, ಸಹಜವಾಗಿ ಉಸಿರಾಡದಿದ್ದರೆ ಗಟ್ಟಿ ನೆಲದ ಮೇಲೆ ಮಲಗಿಸಿ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಿ, ಹೃದಯದ ಬಡಿತವನ್ನು ಸರಿದಾರಿಗೆ ತರುವ ಎಇಡಿ ಯಂತ್ರ ತರಿಸಿ, ಅದು ಹೇಳಿದಂತೆ ಮಾಡಿ. ಅದು ಎಲ್ಲಿದೆ ಎಂಬುದನ್ನು ಕೆಲಸಕ್ಕೆ ಸೇರಿದ ಮೊದಲ ದಿನವೇ ನೋಡಿಟ್ಟುಕೊಂಡಿರಿ.

ಎದ್ದು ಕುಳಿತು ‘ಏನೂ ಆಗಿಲ್ಲ’ ಎನ್ನುವವರನ್ನೂ ಆಸ್ಪತ್ರೆಗೆ ಕಳುಹಿಸಿ, ಇಸಿಜಿ ಆಗಲೇಬೇಕು. ಚರ್ಮದ ಮೇಲೆ ಸಣ್ಣ ಕಲೆಯಷ್ಟೇ ಕಂಡರೂ ಒಳಗಿನ ಸ್ನಾಯು ಸುಟ್ಟಿರಬಹುದು. ಶಾಕ್ ಕೊಟ್ಟ ಉಪಕರಣವನ್ನೋ ಕೇಬಲ್ಲನ್ನೋ ಮತ್ತೆ ಚಾಲೂ ಮಾಡಿ ಪರೀಕ್ಷಿಸಲು ಹೋಗಬೇಡಿ. ಕೆಂಪು ಚೀಟಿ ಕಟ್ಟಿ ಬೇರೆಯಾಗಿರಿಸಿ, ಯಾವ ಬ್ರೇಕರ್ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಅದೇ ಪಾಳಿಯಲ್ಲಿ ಬರೆದು ಮೇಲ್ವಿಚಾರಕರ ಕೈಗೆ ಕೊಡಿ.